ಎರಡು ತಟ್ಟೆಗಳ ಕಾಳಗ

ವಿಜ್ಞಾನದಲ್ಲಿ ಎರಡು ವಾದಗಳು ಎದುರಾದರೆ ಪ್ರಯೋಗವೇ ತೀರ್ಪು ಕೊಡುತ್ತದೆ. ಪೇಟೆಯ ರೀತಿ ಬೇರೆ. ಅಲ್ಲಿ ತೀರ್ಪು ಹೊರಬೀಳುವ ಮುನ್ನವೇ ಗಿರಾಕಿಯು ಹಣ ತೆತ್ತಿರುತ್ತಾನೆ. ಮನೆಯಲ್ಲಿ ಚಲನಚಿತ್ರಗಳನ್ನು ಹೆಚ್ಚು ಸ್ಪಷ್ಟವಾಗಿ ನೋಡಲೆಂದು 2006ರಲ್ಲಿ ಮಾರಾಟಕ್ಕೆ ಬಂದ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎಂಬ ಎರಡು ವಿಡಿಯೋ ತಟ್ಟೆಗಳ ಕಾಳಗವು ಇದಕ್ಕೆ ತಕ್ಕ ನಿದರ್ಶನ. ಒಂದರ ಹಿಂದೆ ಸೋನಿ ಮೊದಲಾದ ಸಂಸ್ಥೆಗಳೂ ಇನ್ನೊಂದರ ಹಿಂದೆ ತೋಷಿಬಾ ಮೊದಲಾದವೂ ನಿಂತಿದ್ದವು.

ಎರಡರ ಮೂಲತತ್ತ್ವವೂ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು. ಹಳೆಯ ಡಿವಿಡಿಯನ್ನು ಓದುವುದು 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್. ಇವೆರಡನ್ನೂ ಓದುವುದು 405 ನ್ಯಾನೋಮೀಟರಿನ ನೇರಿಳೆ ಲೇಸರ್. ತರಂಗಾಂತರ ಕಿರಿದಾದಷ್ಟೂ ಬೆಳಕಿನ ಚುಕ್ಕೆ ಕಿರಿದಾಗುತ್ತದೆ. ಚುಕ್ಕೆ ಕಿರಿದಾದಷ್ಟೂ ಅದೇ ಜಾಗದಲ್ಲಿ ಹೆಚ್ಚು ಮಾಹಿತಿಯನ್ನು ಬರೆಯಬಹುದು. ಭೇದವಿದ್ದುದು ಮಸೂರದಲ್ಲಿ. ಕಿರಣಗಳನ್ನು ಎಷ್ಟು ಅಗಲವಾದ ಕೋನದಿಂದ ಕೂಡಿಸಬಲ್ಲುದೆಂಬುದರ ಅಳತೆ ಬ್ಲೂ-ರೇ ಮಸೂರಕ್ಕೆ 0.85, ಎಚ್‌ಡಿ ಡಿವಿಡಿ ಮಸೂರಕ್ಕೆ 0.65. ಈ ಅಂಕಿ ಹೆಚ್ಚಿದಂತೆ ಚುಕ್ಕೆಯ ವ್ಯಾಸ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ತಟ್ಟೆಯ ಧಾರಣಶಕ್ತಿಯಾದರೋ ಅಂಕಿಯ ವರ್ಗವನ್ನು ಅನುಸರಿಸಿ ಹೆಚ್ಚುತ್ತದೆ. 0.85ನ್ನು 0.65ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 1.7. ಒಂದು ಪದರದಲ್ಲಿ ಬ್ಲೂ-ರೇ 25 ಗಿಗಾಬೈಟ್‌ಗಳನ್ನೂ ಎಚ್‌ಡಿ ಡಿವಿಡಿ 15 ಗಿಗಾಬೈಟ್‌ಗಳನ್ನೂ ಹಿಡಿಯುವುದು ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ.

ಹಾಗೆಂದ ಮಾತ್ರಕ್ಕೆ ಬ್ಲೂ-ರೇ ಎಲ್ಲ ವಿಧದಲ್ಲಿಯೂ ಮೇಲೆನ್ನುವಂತಿಲ್ಲ. ಅಗಲ ಕೋನದ ಮಸೂರಕ್ಕೆ ತಟ್ಟೆಯ ಅಲ್ಪ ಓರೆಯೂ ತೊಡಕಾಗುತ್ತದೆ. ಅದಕ್ಕಾಗಿ ಮಾಹಿತಿಯ ಮೇಲಣ ಹೊದಿಕೆಯನ್ನು 0.1 ಮಿಲಿಮೀಟರಿಗೆ ಇಳಿಸಿ, ಗೀರು ಬೀಳದಂತೆ ಗಟ್ಟಿ ಲೇಪ ಕೊಡಬೇಕಾಯಿತು. ಎಚ್‌ಡಿ ಡಿವಿಡಿಯು ಹಳೆಯ 0.6 ಮಿಲಿಮೀಟರ್ ದಪ್ಪವನ್ನೇ ಉಳಿಸಿಕೊಂಡುದರಿಂದ, ಡಿವಿಡಿ ಕಾರ್ಖಾನೆಗಳನ್ನೇ ಮಾರ್ಪಡಿಸಿ ಅದನ್ನು ತಯಾರಿಸಬಹುದಿತ್ತು. ಎರಡೂ ವಿಚಾರಪೂರ್ವಕವಾದ ಆಯ್ಕೆಗಳೇ.

ಆದರೆ ಗೆಲವನ್ನು ನಿರ್ಣಯಿಸಿದುದು ಮಸೂರವಲ್ಲ. 2008ರ ಜನವರಿಯಲ್ಲಿ ವಾರ್ನರ್ ಚಿತ್ರಸಂಸ್ಥೆಯು ಮುಂದೆ ಬ್ಲೂ-ರೇ ಒಂದರಲ್ಲಿಯೇ ಚಿತ್ರಗಳನ್ನು ಹೊರತರುವುದಾಗಿ ಸಾರಿತು. ಫೆಬ್ರವರಿ 19ರಂದು ತೋಷಿಬಾ ಕಣದಿಂದ ಹಿಂದೆ ಸರಿಯಿತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ಎಚ್‌ಡಿ ಡಿವಿಡಿ ಯಂತ್ರ ಕೊಂಡವನಿಗೆ ಹೊಸ ಚಿತ್ರಗಳು ಬರುವುದು ನಿಂತಿತು. ಆ ಯಂತ್ರ ಕೆಟ್ಟ ದಿನ ಕೂಡಿಟ್ಟ ತಟ್ಟೆಗಳೂ ವ್ಯರ್ಥ.

ಸ್ಪರ್ಧೆಯೇ ಬೇಡವೆಂದು ನಾವು ಹೇಳುವುದಿಲ್ಲ. ಬೆಲೆಯಲ್ಲಿ, ಬಾಳಿಕೆಯಲ್ಲಿ, ಚಿತ್ರದ ಅಂದದಲ್ಲಿ ಸ್ಪರ್ಧಿಸಲಿ. ಅಳತೆಗೋಲಿನಲ್ಲಿಯೇ ಸ್ಪರ್ಧೆ ಸಲ್ಲದು. ಅಂಗಡಿಗೊಂದು ಸೇರು ಇದ್ದರೆ ಸಂತೆ ನಡೆಯುವುದೆಂತು? 1995ರಲ್ಲಿ ಇಂತಹವೇ ಎರಡು ಪಂಗಡಗಳು ಮಾರಾಟಕ್ಕೆ ಮೊದಲೇ ಕೂಡಿ ಡಿವಿಡಿ ಎಂಬ ಒಂದೇ ಪದ್ಧತಿಗೆ ಒಪ್ಪಿದವು. ಅದರ ಪ್ರಯೋಜನವನ್ನು ಲೋಕವೆಲ್ಲ ಪಡೆಯಿತು. 2005ರಲ್ಲಿಯೂ ಸಂಧಾನ ನಡೆಯಿತು, ಆದರೆ ಮುರಿದುಬಿದ್ದಿತು. ಹಠ ಹಿಡಿದವರು ಒಬ್ಬರು, ದಂಡ ತೆತ್ತವರು ಮತ್ತೊಬ್ಬರು.

ಇಂದು ಚಿತ್ರಗಳು ತಟ್ಟೆಯ ಹಂಗಿಲ್ಲದೆ ಅಂತರಜಾಲದಿಂದಲೇ ಮನೆಗೆ ಬರುತ್ತಿವೆ. ಆದರೂ ಪಾಠ ಹಳತಾಗಿಲ್ಲ. ಹೊಸ ಉಪಕರಣ ಪೇಟೆಗೆ ಬಂದಾಗ ಅದು ಎಷ್ಟು ಚೆನ್ನಾಗಿದೆಯೆಂದು ಮಾತ್ರ ಕೇಳಿದರೆ ಸಾಲದು; ಉಳಿದ ತಯಾರಕರು ಅದರ ಪದ್ಧತಿಯನ್ನು ಒಪ್ಪಿರುವರೇ ಎಂದೂ ಕೇಳಬೇಕು. ಈ ಪ್ರಶ್ನೆಯನ್ನು ಗಿರಾಕಿಗಳೆಲ್ಲರೂ ಕೇಳತೊಡಗಿದರೆ, ತಯಾರಕರು ಮೊದಲು ಒಮ್ಮತಕ್ಕೆ ಬಂದು ಆಮೇಲೆ ಅಂಗಡಿ ತೆರೆಯುವರೆಂದು ನಾವು ನಂಬುತ್ತೇವೆ.