ವೈರಿಂಗ್ ನಕ್ಷೆ ಯಾವ ಮಾಧ್ಯಮದ್ದು?

ಸಿ. ಬೆಳಗಲ್‌ನಿಂದ ಆದೋನಿಯವರೆಗಿನ ಕನ್ನಡ ಮನೆಗಳಲ್ಲಿ ಕೇಳಿಬರುವ ಒಂದು ವಾದವನ್ನು ತಮ್ಮ ಮುಂದಿಡುತ್ತೇನೆ. ‘ಕಾರಿನ ಎಲೆಕ್ಟ್ರಿಕ್ ಕೆಲಸ ಕಲಿಯಬೇಕಾದರೂ ನಕ್ಷೆ ಇಂಗ್ಲಿಷಿನಲ್ಲಿರುತ್ತದೆ, ಹೀಗಿರುವಾಗ ಮಗುವಿಗೆ ಕನ್ನಡ ಮಾಧ್ಯಮವೇಕೆ?’ ಎನ್ನುತ್ತಾರೆ ತಂದೆತಾಯಂದಿರು. ಅವರ ಚಿಂತೆ ನ್ಯಾಯವಾದದ್ದೇ. ಆದರೆ ಆ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ.

ಅದರಲ್ಲಿ ವಾಕ್ಯಗಳಿಲ್ಲ, ಗೆರೆ, ಚಿಹ್ನೆ, ಅಂಕಿಗಳಿವೆ. ಜರ್ಮನಿಯ ಡಿಐಎನ್ 72552 ಮಾನಕದ ಅಂಕಿಗಳು ಇಂದು ಅನೇಕ ದೇಶಗಳ ವಾಹನಗಳಲ್ಲಿ ಬಳಕೆಯಲ್ಲಿವೆ. 30 ಎಂದರೆ ಬ್ಯಾಟರಿಯ ಧನ ತುದಿಯಿಂದ ನೇರವಾಗಿ ಬಂದದ್ದು, 15 ಎಂದರೆ ಚಾವಿ ತಿರುಗಿಸಿದ ಮೇಲೆ ಬರುವುದು, 31 ಎಂದರೆ ಅರ್ತ್. ರಿಲೇಯಲ್ಲಿ 85 ಮತ್ತು 86 ಸುರುಳಿಯ ತುದಿಗಳು. ಸುರುಳಿ ಕಾಂತವಾದೊಡನೆ 30 ಮತ್ತು 87 ಕೂಡಿಕೊಳ್ಳುತ್ತವೆ. ತಂತಿಯ ಬಣ್ಣಕ್ಕೆ ಅಕ್ಷರಗಳುಂಟು, ನಿಜ. ಆದರೆ ಜರ್ಮನ್ ನಕ್ಷೆಯಲ್ಲಿ ಕಪ್ಪಿಗೆ ‘ಎಸ್‌ಡಬ್ಲ್ಯು’, ಜಪಾನಿನ ಅನೇಕ ನಕ್ಷೆಗಳಲ್ಲಿ ನೀಲಿಗೆ ‘ಎಲ್’. ಇಂಗ್ಲಿಷ್ ಮಾಧ್ಯಮದ ಹುಡುಗನೂ ಇವನ್ನು ಹೊಸದಾಗಿಯೇ ಕಲಿಯಬೇಕು.

ನಕ್ಷೆ ಓದಲು ಮೊದಲು ಬೇಕಾದದ್ದು ಮಂಡಲದ ಕಲ್ಪನೆ. (ನಮ್ಮ ಕಡೆ ‘ಮಂಡಲ’ವೆಂದರೆ ತಹಶೀಲ್ದಾರರ ಕಚೇರಿ ನೆನಪಾಗುತ್ತದೆ, ನಾನು ಹೇಳುತ್ತಿರುವುದು ವಿದ್ಯುನ್ಮಂಡಲವನ್ನು.) ಬ್ರೇಕ್ ಒತ್ತಿದಾಗ ಹಿಂದಿನ ಇಂಡಿಕೇಟರ್ ಮಂಕಾಗಿ ಬೆಳಗುವ ಕಾರನ್ನು ತಾವು ಕಂಡಿರಬಹುದು. ಬಲ್ಬ್ ಬದಲಿಸಿದರೂ ಅದು ಹೋಗದು. ಆ ದೀಪಗಳೆಲ್ಲ ಒಂದೇ ಅರ್ತ್ ಬಿಂದುವಿಗೆ ಬಂದು ಸೇರುವುದನ್ನು ನಕ್ಷೆ ತೋರಿಸುತ್ತದೆ. ಅಲ್ಲಿ ತುಕ್ಕು ಹಿಡಿದರೆ, ಬ್ರೇಕ್ ದೀಪದ ವಿದ್ಯುತ್ತು ಇಂಡಿಕೇಟರ್ ಬಲ್ಬಿನೊಳಗೆ ಹಾದು, ಅದರ ತಂತಿ ಹಿಡಿದು, ಮುಂದಿನ ದೀಪದ ಅರ್ತ್ ಮೂಲಕ ಬ್ಯಾಟರಿಗೆ ಮರಳುತ್ತದೆ. ಹೊರಟದ್ದು ಮರಳಲೇಬೇಕೆಂಬ ತತ್ವ ಮನಸ್ಸಿನಲ್ಲಿ ನೆಲೆಗೊಂಡವನಿಗೆ ಇದು ಹೊಳೆಯುತ್ತದೆ, ಪಾಠವನ್ನು ಉರು ಹೊಡೆದವನಿಗೆ ಹೊಳೆಯದು. ಹಾಗೆಯೇ 12 ವೋಲ್ಟಿನಲ್ಲಿ 55 ವಾಟಿನ ಎರಡು ಹೆಡ್‌ಲೈಟುಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ. ಆ ಭಾರವನ್ನು ಸಣ್ಣ ಸ್ವಿಚ್ಚಿನ ಮೇಲೆ ಹೊರಿಸಬಾರದೆಂದೇ ನಡುವೆ ರಿಲೇ. ಇಂಥದ್ದನ್ನು ಮಗು ಮನೆಮಾತಿನಲ್ಲಿ ಕೇಳಿ, ಕೆದಕಿ ತಿಳಿಯುತ್ತದೆ. ಅರ್ಥವಾಗದ ಭಾಷೆಯ ತರಗತಿಯಲ್ಲಿ ಅದು ಬಾಯಿ ಬಿಡುವುದಿಲ್ಲ.

ನಮ್ಮ ಪಾಠಕ್ರಮದಲ್ಲೂ ಲೋಪವುಂಟು. ‘ಭೂಸಂಪರ್ಕ’ ಎಂದು ಓದಿದವನು ಗ್ಯಾರೇಜಿನಲ್ಲಿ ‘ಅರ್ತ್ ಸಿಗ್ತಿಲ್ಲ’ ಎಂಬ ಮಾತಿಗೆ ತಬ್ಬಿಬ್ಬಾಗುತ್ತಾನೆ. ಕಾರಿನಲ್ಲಿ ಭೂಮಿಯ ಸಂಪರ್ಕವೇ ಇಲ್ಲ. ಇರುವುದು ಕಾರಿನ ಲೋಹದ ಮೈ. ರಿಲೇಗೆ, ಫ್ಯೂಸಿಗೆ ಸಂಸ್ಕೃತ ಪದ ಹುಡುಕುವ ಶ್ರಮವನ್ನು ಬಿಡೋಣ, ಕನ್ನಡ ಎಂ.ಎ. ಓದಿದವನೇ ಈ ಮಾತು ಹೇಳುತ್ತಿದ್ದೇನೆ. ನಕ್ಷೆಯಲ್ಲಿ ಬರುವ ಇಂಗ್ಲಿಷ್ ಪದಗಳನ್ನು ಕೆಲವು ವಾರಗಳಲ್ಲಿ ಕಲಿಸಬಹುದು.

ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರದಲ್ಲಿ ಉಳಿದದ್ದು 1953ರಲ್ಲಿ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಮಾತನ್ನಾಡುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಓಮ್‌ನ ನಿಯಮವೋ ಪ್ರೌಢಶಾಲೆಯ ಪಾಠ. ನಮ್ಮ ಮಕ್ಕಳ ಕೈಬಿಟ್ಟುಹೋಗುವುದು ಅಲ್ಲಿಯೇ. ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ: ಟಿ.ಸಿ. ಕೇಳುವ ಮುನ್ನ, ಹತ್ತನೆಯ ತರಗತಿಗೆ ಭೌತವಿಜ್ಞಾನವನ್ನು ಕನ್ನಡದಲ್ಲಿ ಯಾರು ಬೋಧಿಸುತ್ತಾರೆಂದು ಶಾಲೆಯಲ್ಲಿ ವಿಚಾರಿಸಿ. ಹುದ್ದೆ ಖಾಲಿಯಿದ್ದರೆ ನಾಲ್ಕಾರು ಮನೆಯವರು ಕೂಡಿ ಸಹಿ ಹಾಕಿ, ಜಿಲ್ಲಾ ವಿದ್ಯಾಧಿಕಾರಿಗಳಿಗೆ ಅರ್ಜಿ ಕೊಡಿ. ಅರ್ಜಿಯ ಕರಡು ಬೇಕಾದವರು ಇಲ್ಲಿಯೇ ತಿಳಿಸಿದರೆ ಬರೆದುಕೊಡುತ್ತೇನೆ.