ಅಣು ಕರೆಂಟಿನ ಸವಾಲು–ಜವಾಬು

ಹರದೇಶಿ–ನಾಗೇಶಿ ಹಾಡಿಕಿ ಕೇಳಿದ ಹಿರಿಯರಿಗೆ ಒಂದು ಕಟ್ಟು ಗೊತ್ತೈತಿ. ಎದುರಿನ ಮೇಳದವರು ಸವಾಲು ಹಾಕಿದರ ಜವಾಬು ಕೊಡಬೇಕು. ಜವಾಬು ಬಿಟ್ಟು ಬ್ಯಾರೆ ಪದ ಎತ್ತಿದವರು ಸೋತಂಗ. ಅಣು ವಿದ್ಯುತ್ತಿನ ವಾದದಾಗ ಮಾತ್ರ ಎರಡೂ ಮೇಳದವರು ತಮ್ಮ ತಮ್ಮ ಪದಾನ ಹಾಡಿಕೋತ ಹೊಂಟಾರ. ಕೇಳೂ ಮಂದಿ ನಾವು ನಡುವ ಕುಂತೇವಿ.

ಮೊದಲು ‘ಬ್ಯಾಡ’ ಅನ್ನೂ ಮೇಳಕ್ಕ ನನ್ನ ಸವಾಲು. ಕೈಗಾ ಅಂದರ ಬಾಂಬು, ಇವತ್ತಿಲ್ಲ ನಾಳೆ ಹಿರೋಷಿಮಾ ಆಗತೈತಿ ಅಂತ ಹೆದರಸ್ತೀರಿ. ಅದು ಸುಳ್ಳು. ಅಲ್ಲಿ ಉರಿಸೂದು ನೈಸರ್ಗಿಕ ಯುರೇನಿಯಂ, ಅದು ಬಾಂಬಿನಂಗ ಸಿಡಿಯೂದಿಲ್ಲ. ಅಣು ಒಡೆದು ಶಾಖ ಬರತೈತಿ, ಶಾಖಕ್ಕ ನೀರು ಉಗಿ ಆಗತೈತಿ, ಉಗಿ ಚಕ್ರ ತಿರುಗಸತೈತಿ. ಒಲಿ ಬ್ಯಾರೆ, ಉಗಿ ಒಂದೇ. ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕ ಅಲ್ಲಿ ಅದಾವ. ಒಂದನೇದು 2018ರ ಕೊನೀತನಕ 962 ದಿನ ನಿಲ್ಲದಂಗ ನಡೀತು. ಹೊಗಿ ಇಲ್ಲ, ಬೂದಿ ಇಲ್ಲ.

ಹೊಗಿ-ಬೂದಿ ಸಣ್ಣ ಮಾತಲ್ಲ. ಮಗನ ಕೂಡ ನಾನು ಇರೂ ಮಂಗೋರ್ ಹಿಲ್‌ನಾಗ ಬಿಳಿ ಧೋತರ ಒಣಗಾಕ ಹಾಕಿದರ ಕಲ್ಲಿದ್ದಲ ಕರಿ ಧೂಳು ಕೂಡತೈತಿ. ಇಲ್ಲಿ ಇಳಿಯೂ ಕಲ್ಲಿದ್ದಲು ಹೆಚ್ಚಾಗಿ ಉಕ್ಕಿನ ಕಾರ್ಖಾನಿಗೆ ಹೋಗೂದು, ಕರೆಂಟಿಗಲ್ಲ ಅಂತ ಯಾರರೆ ಮಾಸ್ತರರು ತಿದ್ದಬಹುದು. ಖರೆ. ಆದರ ರಾಯಚೂರು ಶಕ್ತಿನಗರದಾಗ ಸುಡೂದು ಕರೆಂಟಿಗೇ. ಅಲ್ಲಿ ಹೋಗಿ ಬೂದಿ ನೋಡಿ ಬರ್ರಿ. ಕಲ್ಲಿದ್ದಲಿನಿಂದ ದಿನಾ ಆಗೂ ಕೇಡಿನ ಲೆಕ್ಕ ಹಿಡೀದ, ಅಣುವಿನ ಕೇಡನ್ನಷ್ಟ ತೂಗಿದರ ಅದು ಕಳ್ಳ ತಕ್ಕಡಿ.

ಈಗ ‘ಬೇಕು’ ಅನ್ನೂ ಮೇಳಕ್ಕ. ನಿಮ್ಮ ಮ್ಯಾಲೆ ನನಗ ಸಿಟ್ಟು ಹೆಚ್ಚು, ಯಾಕಂದರ ಅಧಿಕಾರ ಇರೂದು ನಿಮ್ಮ ಕೈಯಾಗ. ಪ್ರಶ್ನೆ ಕೇಳಿದರ ‘ಓದಿಲ್ಲದವರಿಗೆ ತಿಳಿಯೂದಿಲ್ಲ’ ಅಂತೀರಿ. ಶಿವರಾಮ ಕಾರಂತರು ಓದಿಲ್ಲದವರೇನ್ರೀ? ಜ್ಞಾನಪೀಠ ಪಡೆದ ಮುದುಕಪ್ಪ ಕೈಗಾ ಬ್ಯಾಡ ಅಂತ 1989ರಾಗ ಲೋಕಸಭಾ ಚುನಾವಣೆಗೇ ನಿಂತರು. ಸೋತರು, ಆ ಮಾತು ಬ್ಯಾರೆ. ಅವರ ಸವಾಲು ಸೋಲಲಿಲ್ಲ. 1994ರ ಮೇ 13ಕ್ಕ, ಕಟ್ಟೂ ಹಂತದಾಗೇ, ಒಂದನೇ ಘಟಕದ ಕಾಂಕ್ರೀಟ್ ಗುಮ್ಮಟ ಕುಸೀತು. ಒಳಗ ಇನ್ನೂ ಇಂಧನ ತುಂಬಿರಲಿಲ್ಲ, ನಮ್ಮ ಪುಣ್ಯೇವು. 2009ರ ನವೆಂಬರಿನಾಗ ಕೆಲಸಗಾರರು ಕುಡಿಯೂ ನೀರಿನ ಕೂಲರಿಗೆ ಟ್ರಿಟಿಯಂ ಇರೂ ಭಾರಜಲ ಕೂಡಿತ್ತು. ಐವತ್ತಕ್ಕೂ ಹೆಚ್ಚು ಮಂದಿ ಮೈಯಾಗ ಹೋಗಿದ್ದು ಗೊತ್ತಾಗಿದ್ದು ಮೂತ್ರ ಪರೀಕ್ಷೆ ಮಾಡಿದ ಮ್ಯಾಲೆ. ಒಳಗಿನವರೇ ಯಾರೋ ಬೇಕಂತ ಹಾಕ್ಯಾರ ಅಂದರು ದೊಡ್ಡವರು. ಆತು, ಒಪ್ಪೋಣ. ಹಂಗಾದರ ಗೋಡೆ ಎಷ್ಟು ದಪ್ಪ ಅಂತ ನಮಗ ಹೇಳಿ ಏನು ಮಾಡೂದು?

ಫುಕುಶಿಮಾದ ಮಾತು ಎತ್ತಿದರ ‘ಕೈಗಾಕ್ಕ ಸುನಾಮಿ ಬರೂದಿಲ್ಲ’ ಅಂತೀರಿ. 2011ರಾಗ ಅಲ್ಲಿ ಕೆಟ್ಟಿದ್ದು ಸಮುದ್ರದ ನೀರು ಬಂದದ್ದಕ್ಕಷ್ಟ ಅಲ್ಲ. ನೀರು ನುಗ್ಗಿ ಕರೆಂಟು ಹೋತು, ಒಲಿ ತಣ್ಣಗ ಮಾಡೂ ಪಂಪು ನಿಂತವು. ಕೈಗಾ ಇರೂದು ಕಾಳಿ ನದಿ ದಂಡಿಗೆ, ಕದ್ರಾ ಅಣೆಕಟ್ಟಿನ ಹಿನ್ನೀರಿಗೆ ಹತ್ತಿ. 2019ರ ಮಳಿಗಾಲದಾಗ ಕದ್ರಾದ ಗೇಟು ತೆಗೆದಾಗ ಕೆಳಗಿನ ಊರು ಮುಳುಗಿದವು. ಅದು ಅಣುವಿನ ತಪ್ಪಲ್ಲ. ಆದರ ಬರೇ ನೀರು ಬಂದಾಗ ಮಂದೀನ ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕಳಿಸಾಕ ಒದ್ದಾಡಿದ ವ್ಯವಸ್ಥಾ, ಕಣ್ಣಿಗೆ ಕಾಣದ್ದು ಬಂದಾಗ ಏನು ಮಾಡೀತು?

ಉರಿದುಳಿದ ಇಂಧನ ಸಾವಿರಾರು ವರ್ಷ ಕಾಯಬೇಕು. ಕೇಡಾದರ ಪರಿಹಾರ? 2010ರ ಕಾನೂನು ನಡೆಸೂವರ ಹೊಣಿ 1500 ಕೋಟಿಗೆ ಕಟ್ಟಿತು. ಧೈರ್ಯ ಅಷ್ಟಿದ್ದರ ಮಿತಿ ಯಾಕ ಬೇಕಾತು?

ಇದ್ದ ನಾಲ್ಕು ಘಟಕ ನಡೀಲಿ, ಅವನ್ನ ಮುಚ್ಚಿ ಕಲ್ಲಿದ್ದಲು ಸುಡೂದು ಶ್ಯಾಣ್ಯಾತನ ಅಲ್ಲ. ಆದರ 700 ಮೆಗಾವ್ಯಾಟಿನ ಇನ್ನೆರಡು ಸೇರಸಾಕ ಹೊಂಟೀರಲ್ಲ, ಅದಕ್ಕ ಮೊದಲು ಸ್ಥಾವರದ ಸುತ್ತಿನ 16 ಕಿಲೋಮೀಟರ್ ಹಳ್ಳಿಗಳ ಪಂಚಾಯ್ತಿ ಗೋಡೆ ಮ್ಯಾಲೆ ಕನ್ನಡದಾಗ, ಕೊಂಕಣಿಯಾಗ ಬರೀರಿ: ಸೈರನ್ ಕೂಗಿದರ ಯಾವ ದಾರಿ, ಯಾವ ಬಸ್ಸು, ಅಯೋಡಿನ್ ಗುಳಗಿ ಕೊಡೂವರು ಯಾರು, ದನಾ ಎಲ್ಲಿ ಕಟ್ಟೂದು. ಬಾವಿ ನೀರು, ಮೀನು, ಹಾಲಿನ ಪರೀಕ್ಷೆ ಲೆಕ್ಕ ತಿಂಗಳಾ ತಿಂಗಳಾ ಅಲ್ಲೇ ಹಚ್ಚರಿ. ಅದನ್ನ ಓದಿದ ಮ್ಯಾಲೆ ಗ್ರಾಮಸಭೆ ಕರದು ಆ ಮಂದಿ ಮತ ಕೇಳ್ರಿ.