ಅಣ್ಣನಿಗೆ ಪ್ರೋಟೀನ್ ಡಬ್ಬಿ, ತಂಗಿಗೆ ಟೀ ಬನ್ನು



ನಲ್ಲಂಪಳ್ಳಿ ಕಡೆಯ ನಮ್ಮ ಹುಡುಗರು ಜಿಮ್‌ಗೆ ಹೋಗುವುದಕ್ಕೆ ನಮ್ಮ ವಿರೋಧವಿಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಿಮ್ ಎಂದರೇ ಹೆದರುವವರು ಹೆಚ್ಚಾದರು. ಆ ಹೆದರಿಕೆ ಬೇಡ. ವಾರಕ್ಕೆ ಕನಿಷ್ಠ 150 ನಿಮಿಷ ವ್ಯಾಯಾಮ ಮಾಡಿ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮ್ಮ ಜಗಳ ಇರುವುದು ಡಬ್ಬಿಯ ಜೊತೆ.

ಜಿಮ್ ಸೇರಿ ವಾರವಾಗುವುದರೊಳಗೆ ಮೊಬೈಲಿಗೆ ಡಯಟ್ ಚಾರ್ಟ್ ಬರುತ್ತದೆ. ಹೊಲದಲ್ಲಿ ದುಡಿಯುವವನಿಗೂ ಅದೇ, ಹೊಸೂರಿನ ಕಂಪನಿಯಲ್ಲಿ ನೈಟ್ ಶಿಫ್ಟ್ ಮಾಡುವವನಿಗೂ ಅದೇ. ಅದರಲ್ಲಿ ಓಟ್ಸ್ ಇರುತ್ತದೆ, ಮುದ್ದೆ ಇರುವುದಿಲ್ಲ. ಕೊನೆಗೆ ಸಾವಿರಾರು ರೂಪಾಯಿಯ ಪುಡಿ, ಅದೂ ಟ್ರೈನರ್ ಹತ್ತಿರವೇ ಕೊಳ್ಳಬೇಕು. ಮಾರುವವನೇ ಸಲಹೆ ಕೊಟ್ಟರೆ ಅದು ಸಲಹೆಯೋ ವ್ಯಾಪಾರವೋ?

ಮೈ ಬೆಳೆಸಲೆಂದು ಪ್ರೋಟೀನ್ ಪುಡಿ ತಿನ್ನಬೇಡಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದರಲ್ಲಿ, ನಮ್ಮ ದೇಶದಲ್ಲಿ ಮಾರುವ 36 ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು 70% ಪುಡಿಗಳಲ್ಲಿ ಡಬ್ಬಿಯ ಮೇಲೆ ಬರೆದದ್ದೇ ಒಂದು, ಒಳಗೆ ಇದ್ದದ್ದೇ ಒಂದು.

ಲೆಕ್ಕ ಹಾಕೋಣ. 60 ಕೆಜಿ ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. 200 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 14, 50 ಗ್ರಾಂ ಹುರುಳಿಯಲ್ಲಿ 11, ಎರಡು ಮೊಟ್ಟೆಯಲ್ಲಿ 12, 50 ಗ್ರಾಂ ಕಡಲೆಕಾಯಿ ಬೀಜದಲ್ಲಿ 12. ಅಷ್ಟೇ! ಭಾರ ಎತ್ತುವವರಿಗೆ ಇನ್ನೂ ಬೇಕು, ನಿಜ. ಇನ್ನೆರಡು ಮೊಟ್ಟೆ, ಒಂದು ಬಟ್ಟಲು ಬೇಳೆ, ಭಾನುವಾರದ ಕೋಳಿ ಎಲ್ಲಿ ಹೋದವು? ನಮ್ಮ ಧರ್ಮಪುರಿ ಜಿಲ್ಲೆ ರಾಗಿಯ ಜಿಲ್ಲೆ. 2023ರಿಂದ ಇಲ್ಲಿ ರೇಷನ್ ಅಂಗಡಿಯಲ್ಲೂ ಎರಡು ಕಿಲೋ ಅಕ್ಕಿಯ ಬದಲು ರಾಗಿ ಕೊಡುತ್ತಿದ್ದಾರೆ. ಅದನ್ನು ಕೋಳಿಗೆ ಹಾಕಿ ಪುಡಿ ಕೊಳ್ಳುವವರಿಗೆ ಏನು ಹೇಳೋಣ!

ಇನ್ನು ನಮಗೆ ಹೆಚ್ಚು ನೋವು ಕೊಡುವ ಮಾತು. ಡಬ್ಬಿಯ ದುಡ್ಡು ಒಂದೇ ಮನೆಯ ದುಡ್ಡು. ಅಣ್ಣನ ತೋಳಿಗೆ ಅದು ಹೋದ ತಿಂಗಳು ತಂಗಿ ಬೆಳಿಗ್ಗೆ ಟೀ ಬನ್ನು ತಿಂದು ಕಾಲೇಜಿಗೆ ಓಡುತ್ತಾಳೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ, ಗಂಡಸರಲ್ಲಿ 25%. ಮೊಟ್ಟೆ ಯಾರ ತಟ್ಟೆಗೆ ಮೊದಲು ಬೀಳಬೇಕು ಎಂದು ಈ ಅಂಕಿಯೇ ಹೇಳುತ್ತಿಲ್ಲವೇ? ಅಮ್ಮಂದಿರೇ, ನೀವು ಕೊನೆಗೆ ಉಳಿದದ್ದು ತಿನ್ನುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ದೇಹವು ಪವಿತ್ರಾತ್ಮರ ಆಲಯ ಎಂಬ ಮಾತನ್ನು ತೋಳಿನ ಫೋಟೋ ಕೆಳಗೆ ಸ್ಟೇಟಸ್ ಹಾಕುವವರು ನಮ್ಮಲ್ಲೂ ಇದ್ದಾರೆ. ಸಂತ ಪೌಲರು ಆ ಮಾತು ಬರೆದ ಅಧ್ಯಾಯವನ್ನು ಪೂರ್ತಿ ಓದಿ: ಈ ದೇಹ ನಿಮ್ಮ ಸ್ವಂತದ್ದಲ್ಲ ಎಂಬುದೇ ಅಲ್ಲಿನ ವಾದ. ಪ್ರವಾದಿ ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವನ್ನೂ ಓದಿ. ಅರಸನ ಊಟ ಬಿಟ್ಟು ಹತ್ತು ದಿನ ಕಾಯಿಪಲ್ಯ ತಿಂದ ಆ ನಾಲ್ವರು ಹುಡುಗರಿಗೆ ಯಾವ ಟ್ರೈನರ್ ಚಾರ್ಟ್ ಬರೆದುಕೊಟ್ಟಿದ್ದ?

ಟ್ರೈನರ್‌ಗಳೆಲ್ಲ ಮೋಸಗಾರರು ಎನ್ನುತ್ತಿಲ್ಲ. ಬೆನ್ನು ನೆಟ್ಟಗಿಟ್ಟು ಭಾರ ಎತ್ತುವುದನ್ನು ತಾಳ್ಮೆಯಿಂದ ಕಲಿಸುವವರಿಗೆ ನಮ್ಮ ಗೌರವವಿದೆ. ಆದರೆ ಎಲ್ಲಿ ಕಲಿತಿರಿ, ಸರ್ಟಿಫಿಕೇಟ್ ಇದೆಯೇ ಎಂದು ಕೇಳಲು ನಾಚಬೇಡಿ. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಯಾವ ಚಾರ್ಟನ್ನೂ ಹಿಡಿಯಬೇಡಿ. ‘ಒಂದು ಇಂಜೆಕ್ಷನ್ ಹಾಕಿಸಿಕೋ, ಮೂರು ತಿಂಗಳಲ್ಲಿ ಮೈ ಬರುತ್ತದೆ’ ಎಂದವರ ಜಿಮ್‌ಗೆ ಮರುದಿನದಿಂದ ಹೋಗಬೇಡಿ. ಸ್ಟೀರಾಯ್ಡ್ ಹೃದಯವನ್ನೂ ಲಿವರನ್ನೂ ಕೆಡಿಸುತ್ತದೆ, ಮಕ್ಕಳಾಗುವುದಕ್ಕೂ ತೊಂದರೆ ತರುತ್ತದೆ.

ಧರ್ಮಕೇಂದ್ರದ ಹಿರಿಯರಿಗೂ ಒಂದು ಮಾತು. ಹುಡುಗರಿಗೆ ಜಿಮ್ ಇದೆ, ಮೈದಾನ ಇದೆ. ಹೆಣ್ಣುಮಕ್ಕಳು ಎಲ್ಲಿ ಓಡಬೇಕು? ಸಂಜೆ ಒಂದು ಗಂಟೆ ದೇವಾಲಯದ ಅಂಗಳ ಅವರಿಗೆ ಬಿಟ್ಟುಕೊಡಿ, ಗೇಟಿನ ಹತ್ತಿರ ನಿಂತು ನೋಡುವವರನ್ನು ಮನೆಗೆ ಕಳಿಸಿ.